ಹೊಳಪಿಲ್ಲದ ಸೀಟು

“ಕೈ ತೆಗಿ! ತೆಗಿ ಅಂದೆ ಕಣೋ!”

ಲಿಬ್ರಾದೋ ಬೆಚ್ಚಿ ತಲೆ ಎತ್ತಿದ. ಎತ್ತಿದ ತಲೆ ಕಾರಿನ ಚೌಕಟ್ಟಿಗೆ ಠಣ್ಣನೆ ಬಡಿಯಿತು. ಅವನ ಒಂದು ಕೈಯಲ್ಲಿ ಹೊಳಪಿನ ಎಣ್ಣೆಯ ಸೀಸೆ, ಇನ್ನೊಂದರಲ್ಲಿ ಚಿಂದಿ ಬಟ್ಟೆ. ಕಪ್ಪು ಉಡುಪಿನ ಕೂಕಾ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಹಿಂದೆ ನಡುಮನೆಯಲ್ಲಿ, ಮೇಣದಬತ್ತಿಗಳ ನಡುವೆ, ಅವಳ ಗಂಡ ದೋನ್ ತೆಯೊ ಶವದ ಪೆಟ್ಟಿಗೆಯಲ್ಲಿ ಮಲಗಿದ್ದ.

“ಕೊಮಾದ್ರೆ, ಗೆಳೆಯನ ಕೊನೇ ಮೆರವಣಿಗೆ ಅಲ್ವಾ? ನೀವು ಕೂತ್ಕೊಳೋ ಕಾರು ಸ್ವಲ್ಪ ಮಿಂಚಲಿ ಅಂತ...” ಆ ಊರಲ್ಲಿ ಆಪ್ತ ಗೆಳೆಯ ಕೊಂಪಾದ್ರೆ, ಅವನ ಹೆಂಡತಿ ಕೊಮಾದ್ರೆ.

“ಮಿಂಚಲಿ ಅಂತ! ನಿನ್ನ ಮುಖಕ್ಕಿಷ್ಟು ಬೆಂಕಿ ಹಾಕ! ನೋಡು ಹೆಂಗಾಗಿದೆ. ಬಾಣಲೆಯಿಂದ ಈಗ ತೆಗೆದ ಹಂದಿಚರ್ಮದ ಹಂಗಿದೆ!”

ಸುಳ್ಳೇನಲ್ಲ. ತೆಯೊನ ಹಳೆಯ ಕಾರಿನ ಕಂದು ಚರ್ಮದ ಸೀಟು ಇಷ್ಟು ವರ್ಷ ತಣ್ಣಗೆ, ಮಂಕಾಗಿ, ಮೆತ್ತಗೆ ಇದ್ದದ್ದು, ಈಗ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಕೂಕಾ ಒಂದು ಬೆರಳು ಒತ್ತಿ ನೋಡಿದಳು. ಬೆರಳಿಗೆ ಜಿಡ್ಡು. ಎರ್ಮೊಸಿಯೊದ ಜುಲೈ ಬಿಸಿಲಿಗೆ ಈ ಎಣ್ಣೆ ಹಚ್ಚಿದ ಚರ್ಮವನ್ನು ಒಡ್ಡಿದರೆ ಮಧ್ಯಾಹ್ನದೊಳಗೆ ಬೆಂದು, ಬೇಸಿಗೆ ಮುಗಿಯುವುದರೊಳಗೆ ಬಿರಿಯುತ್ತದೆ. ಊರಿನ ಅರ್ಧ ಕಾರುಗಳ ಸೀಟು ಕಾಪಾಡಿದ ತೆಯೊ ತನಗೆಂದು ಉಳಿಸಿಕೊಂಡದ್ದು ಇದೊಂದೇ ಸೀಟು.

ಶವದ ಗಾಡಿಯವನು ಹತ್ತಿರ ಬಂದು ಕೆಮ್ಮಿದ. “ಅಮ್ಮಾ, ಪಾದ್ರಿಗಳು ಸ್ಮಶಾನದಲ್ಲಿ ಕಾಯ್ತಿರ್ತಾರೆ. ನೀವು ನಮ್ಮ ಗಾಡೀಲೇ ಬಂದ್ಬಿಡಿ.”

“ನಮ್ಮ ಕಾರಲ್ಲೇ ಅವನ ಹಿಂದೆ ಬರ್ತೀನಿ ಅಂತ ಮಾತು ಕೊಟ್ಟಿದೀನಪ್ಪ. ಇದು ಸರಿಯಾಗೋ ತನಕ ನಾನು ಕದಲಲ್ಲ. ಪಾದ್ರಿಗಳು ಕಾಯ್ಲಿ. ನನ್ನ ಗಂಡ ಒಳಗೆ ತೆಪ್ಪಗೆ ಕಾಯ್ತಿಲ್ವಾ?”

*

ತೆಯೊನ ಅಪ್ಪ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕುದುರೆ ಜೀನು ಹೊಲಿಯುತ್ತಿದ್ದ. ದನದ ಸಾಹುಕಾರರೆಲ್ಲ ಕುದುರೆ ಇಳಿದು ಕಾರು ಹತ್ತಿದಾಗ ಅಂಗಡಿ ಮುಚ್ಚಿತು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಮಗ ನಕ್ಕ: “ಕುದುರೆ ಹೋದ್ರೆ ಹೋಗ್ಲಿ ಬಿಡಪ್ಪ. ಜನ ಕೂರೋದು ಇನ್ನೂ ಚರ್ಮದ ಮೇಲೇ ತಾನೆ?” ಅಂಗಡಿಯಲ್ಲಿ ಉಳಿದಿದ್ದ ಕೊನೆಯ ತೊಗಲಿನಿಂದ ತನ್ನ ಕಾರಿನ ಸೀಟನ್ನು ತಾನೇ ಹೊಲಿದ. ಆಮೇಲೆ ಊರವರ ಕಾರಿನ ಸೀಟು ನೋಡಿಕೊಳ್ಳುವುದೇ ಅವನ ಕಸುಬಾಯಿತು.

ಆದರೆ ಅವನ ಕೆಲಸ ನೋಡುವವರಿಗೆ ತಾಳ್ಮೆ ಬೇಕಿತ್ತು. ಬಿಸಿಲೇರುವ ಮೊದಲೇ ಹಿತ್ತಲಿನ ಮೆಸ್ಕೀತ್ ಮರದಡಿ ಕಾರು ನಿಲ್ಲಿಸಿ, ಮೊದಲು ಹೊಲಿಗೆ ಸಾಲಿನ ಮರಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯುತ್ತಿದ್ದ. ಆಮೇಲೆ ಸಾಬೂನಿನ ಬರೀ ನೊರೆ, ನೀರಲ್ಲ. ಒದ್ದೆ ಬಟ್ಟೆ, ಒಣ ಬಟ್ಟೆ. ಕೊನೆಗೆ ಬಿಳಿ ಲೇಪವನ್ನು ಬೆರಳ ತುದಿಯಲ್ಲಿ ತೆಳ್ಳಗೆ ಸವರಿ, ಅದನ್ನು ಚರ್ಮ ಕುಡಿಯಲೆಂದು ಬಿಳಿ ಬಟ್ಟೆ ಹೊದಿಸಿ ಬಿಡುತ್ತಿದ್ದ. ಹಾಗೆ ಕುಡಿದ ಚರ್ಮ ಆ ದಿನ ಪೂರ್ತಿ ಬಿಸಿಲು ಕಾಣಕೂಡದು, ಅದು ಅವನ ನೇಮ. ಕೂಕಾಳ ಹಾಸಿಗೆ ಬಟ್ಟೆಗಳೆಲ್ಲ ಒಂದೊಂದಾಗಿ ಮಾಯವಾದದ್ದು ಹೀಗೆ. ಮದುವೆಗೆ ಅವಳ ತಾಯಿ ಕಸೂತಿ ಹಾಕಿ ಕೊಟ್ಟದ್ದೂ ಸೀಟಿನ ಹೊದಿಕೆಯಾಯಿತು. ಅವಳು ವಾರಗಟ್ಟಲೆ ಮಾತು ಬಿಟ್ಟಿದ್ದಳು.

ಎಲ್ಲ ಮುಗಿದ ಮೇಲೆ ತೆಯೊ ಬಗ್ಗಿ ಸೀಟಿಗೆ ಕೆನ್ನೆ ಒತ್ತುತ್ತಿದ್ದ. ಕೆನ್ನೆಗೆ ಅಂಟಿದರೆ ಮತ್ತೆ ಒರೆಸು. ಅಂಟದಿದ್ದರೆ ಕಾರು ಒಯ್ಯಬಹುದು.

ಎದುರು ಸಾಲಿನಲ್ಲಿ ಕಾರು ತೊಳೆಯುವ ಲಿಬ್ರಾದೋಗೆ ಇದು ದಿನನಿತ್ಯದ ತಮಾಷೆ. ತನ್ನ ಎಣ್ಣೆ ಚಿಮುಕಿಸಿ, ಚಿಂದಿ ಆಡಿಸಿ, ಕಾಫಿ ಆರುವುದರೊಳಗೆ ಸೀಟು ಮಿಂಚಿಸುತ್ತಿದ್ದ ಅವನು ಅಲ್ಲಿಂದಲೇ ಕೂಗುತ್ತಿದ್ದ: “ಕೊಂಪಾದ್ರೆ! ಸೀಟಿಗೆ ಮುತ್ತಿಟ್ಟಿದ್ದು ಸಾಕು, ಮನೇಲಿ ಹೆಂಡ್ತಿ ಇದಾಳೆ!”

ಒಮ್ಮೆ ಲಿಬ್ರಾದೋ ಮಿಂಚಿಸಿದ ಕಾರಿನಲ್ಲಿ ಮದುಮಗಳು ಇಗರ್ಜಿಗೆ ಹೊರಟಳು. ತಿರುವಿನಲ್ಲಿ ಜಾರಿ ಕೆಳಗೆ ಕೂತೇಬಿಟ್ಟಳು. ಎದ್ದರೆ ಬಿಳಿ ಉಡುಪಿನ ಹಿಂಭಾಗಕ್ಕೆ ಕಂದು ಕಲೆ. ಅವಳಪ್ಪ ದೊಣ್ಣೆ ಹಿಡಿದು ಬಂದಾಗ ಲಿಬ್ರಾದೋ ಡ್ರಮ್ಮಿನ ಹಿಂದೆ ಅವಿತಿದ್ದ. ತೆಯೊ ರಸ್ತೆ ದಾಟಿ ಬಂದು ಹೇಳಿದ: “ಆ ಸೀಟು ಮಿಂಚಿಸಿದ್ದು ನಾನು. ಬೈಯೋದಿದ್ರೆ ನನಗೆ ಬೈಯಿ.” ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿ, ಸಂಜೆ ಕೂತು ಆ ಸೀಟನ್ನು ತಾನೇ ತೊಳೆದುಕೊಟ್ಟ. ಆಮೇಲೆ ಅದರ ಸುದ್ದಿಯನ್ನೇ ಎತ್ತಲಿಲ್ಲ. ಲಿಬ್ರಾದೋ ಕೂಡ ಎತ್ತಲಿಲ್ಲ.

*

ಕೂಕಾ ಒಳಗಿನಿಂದ ಗಂಡನ ಬ್ರಷ್ಷು, ಸಾಬೂನು, ಲೇಪದ ಡಬ್ಬಿ ತಂದು ಲಿಬ್ರಾದೋನ ಮುಂದೆ ಕುಕ್ಕಿದಳು. “ತೊಳಿ.”

“ನಾನಾ? ಅವನ ಕೆಲಸ ನಂಗೆಲ್ಲಿ ಬರುತ್ತೆ ಕೊಮಾದ್ರೆ?”

“ಜೀವಮಾನವೆಲ್ಲ ಎದುರಿಗೆ ನಿಂತು ಗೇಲಿ ಮಾಡಿದೆಯಲ್ಲ. ನೋಡದೇನೇ ಮಾಡಿದ್ಯಾ?”

ಲಿಬ್ರಾದೋ ಕೋಟು ಬಿಚ್ಚಿಟ್ಟ. ಕಾರನ್ನು ಮರದಡಿಗೆ ತಳ್ಳಿಕೊಂಡು ಹೋದರು. ಅವನು ಬ್ರಷ್ಷನ್ನು ಹೊಲಿಗೆಯ ಉದ್ದಕ್ಕೇ ಆಡಿಸಿದ, ಅಡ್ಡಕ್ಕಲ್ಲ. ನೊರೆಯನ್ನಷ್ಟೇ ತೆಗೆದುಕೊಂಡ. ಒರೆಸಿದ, ಮತ್ತೆ ನೊರೆ ಹಚ್ಚಿದ, ಮತ್ತೆ ಒರೆಸಿದ. ಒಂದೂ ತಪ್ಪಲಿಲ್ಲ.

ಬಂದವರಿಗೆ ಮಗಳು ಎಲ್ವಿರಾ ಇನ್ನೊಂದು ಸುತ್ತು ದಾಲ್ಚಿನ್ನಿ ಕಾಫಿ ಕೊಟ್ಟಳು. “ಲಿಬ್ರಾದೋ ಮಾಮ ನೊರೆ ಹಚ್ಚೋದು ನೋಡಮ್ಮ,” ಅಂದಳು. “ಥೇಟ್ ಅಪ್ಪನೇ.”

“ನಿಮ್ಮಪ್ಪ ನೋಡಿದ್ರೆ ಪೆಟ್ಟಿಗೆಯಿಂದ ಎದ್ದು ಕೂತು ನಗ್ತಿದ್ದ,” ಎಂದಳು ಕೂಕಾ. ಹೇಳಿ ತಾನೇ ನಕ್ಕಳು. ನಗು ಅರ್ಧಕ್ಕೆ ಅಳುವಾಯಿತು.

ಕೊನೆಗೆ ಸವರಿದ ಲೇಪವನ್ನು ಚರ್ಮ ಹೀರಿದ ಮೇಲೆ ಲಿಬ್ರಾದೋ ಅತ್ತಿತ್ತ ನೋಡಿದ. ಎಲ್ಲರೂ ನೋಡುತ್ತಿದ್ದರು. ಆದರೂ ಬಗ್ಗಿ ಸೀಟಿಗೆ ಕೆನ್ನೆ ಒತ್ತಿದ. ಎಷ್ಟು ಹೊತ್ತಾದರೂ ಏಳಲಿಲ್ಲ. ಅವನ ಬೆನ್ನು ಅದುರುತ್ತಿತ್ತು.

ಕೂಕಾ ಅವನ ಭುಜ ಮುಟ್ಟಿದಳು. “ಏಳು ಕೊಂಪಾದ್ರೆ. ಕಣ್ಣೀರು ಬಿದ್ರೆ ಚರ್ಮಕ್ಕಾಗಲ್ಲ.”

“ಅಂಟಲಿಲ್ಲ,” ಎಂದ ಅವನು, ಮೂಗು ಒರೆಸಿಕೊಳ್ಳುತ್ತ.

ಅವಳು ತಾಯಿ ಕೊಟ್ಟ ಅದೇ ಕಸೂತಿಯ ಬಿಳಿ ಬಟ್ಟೆಯನ್ನು ಸೀಟಿಗೆ ತಾನೇ ಹೊದಿಸಿ, ಅದರ ಮೇಲೆ ಕೂತಳು. ಶವದ ಗಾಡಿ ಹೊರಟಿತು. ಹಿಂದೆ ಲಿಬ್ರಾದೋ ಮೆಲ್ಲಗೆ ಕಾರು ಓಡಿಸಿದ.

ಸ್ಮಶಾನದಲ್ಲಿ ತೋಡಿದ ಗುಂಡಿಯ ಪಕ್ಕ ಇದ್ದದ್ದು ಒಂದೇ ಮರ. ಅದರ ನೆರಳಲ್ಲಿ ಪಾದ್ರಿಗಳಿಗೆ, ಮುದುಕಿಯರಿಗೆ ಕುರ್ಚಿ ಹಾಕಿದ್ದರು. ಕೂಕಾ ಇಳಿದಳು. ಲಿಬ್ರಾದೋ ಬಿಸಿಲು ನೋಡಿದ, ಸೀಟು ನೋಡಿದ, ಮರ ನೋಡಿದ. ಇಳಿದುಹೋಗಿ ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ಬಿಸಿಲಿಗೆ ಇಟ್ಟ.

“ಏನಪ್ಪಾ ಇದು?” ಎಂದರು ಪಾದ್ರಿಗಳು, ಬೆವರು ಒರೆಸಿಕೊಂಡು.

“ಅವನು ಮಾಡ್ಲಿ ಬಿಡಿ ಸ್ವಾಮಿ,” ಎಂದಳು ಕೂಕಾ. “ನೀವು ಶುರು ಮಾಡಿ.”

ಪ್ರಾರ್ಥನೆ ಶುರುವಾಯಿತು. ಪಾದ್ರಿಗಳು, ಮುದುಕಿಯರು, ಊರಿನ ಜನ ಎಲ್ಲ ಬಿಸಿಲಲ್ಲಿ ಬೇಯುತ್ತ ನಿಂತರು. ಮರದಡಿಯಲ್ಲಿ, ಇಡೀ ನೆರಳು ತನ್ನದೇ ಎಂಬಂತೆ, ತೆಯೊನ ಕಾರು ಸೀಟಿಗೆ ಬಿಳಿ ಬಟ್ಟೆ ಹೊದ್ದು ತಣ್ಣಗೆ ನಿಂತಿತ್ತು.