ಹೊಟ್ಟೆಯ ಸಕ್ಕರೆ

ಹದಿನೇಳನೆಯ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ಎಷ್ಟು ಸಲ ನೋಡಿದ್ದಳೋ ಶಾಂಭವಿಗೇ ಗೊತ್ತಿಲ್ಲ. ಹೊಟ್ಟೆಯ ಒಳಪೊರೆಯ ಜೀವಕೋಶಗಳ ಮೇಲೆ ಸಕ್ಕರೆಯ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಂತಿರುತ್ತವೆ. ಹುಣ್ಣು ಮಾಡುವ ಬ್ಯಾಕ್ಟೀರಿಯಾ ಆ ಕೊಂಡಿಗಳನ್ನೇ ಹಿಡಿದು ಜೋತುಬೀಳುತ್ತದೆ. ಬಣ್ಣ ಹಾಕಿದರೆ ಹದಿನೇಳರಲ್ಲಿ ಆ ಸಕ್ಕರೆ ಬೀಟ್‌ರೂಟಿನ ರಸ ಚೆಲ್ಲಿದ ಹಾಗೆ ಎದ್ದು ಕಾಣುತ್ತಿತ್ತು. ಪಿಎಚ್‌ಡಿಗೆಂದು ಮಡಿಕೇರಿಯ ಆ ಲ್ಯಾಬಿನಲ್ಲಿ ಮೂರು ವರ್ಷದಿಂದ ಅವಳೊಬ್ಬಳೇ. ಮಾತಾಡಲು ಯಾರೂ ಇಲ್ಲದೆ, “ಏನಮ್ಮ, ಹೇಗಿದ್ದೀಯ?” ಎಂದು ಸ್ಲೈಡನ್ನೇ ಕೇಳುವುದು ರೂಢಿಯಾಗಿತ್ತು.

ಅದು ಸುಂಟಿಕೊಪ್ಪದ ಹತ್ತಿರದ ಕಾಫಿ ಎಸ್ಟೇಟಿನ ಕೂಲಿಯಾಳು ಕಾಳಿಯದು. ಹೊಟ್ಟೆಹುಣ್ಣಿನ ತಪಾಸಣೆಯ ಕ್ಯಾಂಪಿನಲ್ಲಿ ಬಾಯಿಂದ ನಳಿಗೆ ಇಳಿಸಿ ತೆಗೆದ, ಅಕ್ಕಿಕಾಳಿಗಿಂತ ಚಿಕ್ಕ ಚೂರು. ಆರು ತಿಂಗಳ ಮೇಲೆ ಇನ್ನೊಂದು ಚೂರು ಬೇಕಾಗಿ ಶಾಂಭವಿ ಕೂಲಿಯವರ ಲೈನ್‌ಮನೆಗಳಿಗೆ ಹೋದಳು. ಕಾಳಿಯ ಹೊಟ್ಟೆಯನ್ನು ಅಷ್ಟು ಬಲ್ಲವಳಿಗೆ ಅವಳ ಮುಖ ಗುರುತು ಹತ್ತಲಿಲ್ಲ.

“ಸಕ್ಕರೆ ಕಾಳಿ ಬೇಕಾ? ಅಗೋ, ಅಲ್ಲಿ ಒಬ್ಬಳೇ ಕೂತವಳೆ,” ಎಂದಳು ಕಾಫಿ ಕುಡಿಯುತ್ತಿದ್ದ ಹೆಂಗಸರಲ್ಲೊಬ್ಬಳಾದ ಚಿನ್ನಿ. “ನಮ್ಮ ಹತ್ರ ಬಂದ್ರೆ ಇರುವೆ ಮುತ್ತುತ್ತಲ್ಲ!”

ಹೆಂಗಸರು ನಕ್ಕರು. ಕಾಳಿ ನಗಲಿಲ್ಲ. ಕೆನ್ನೆ ಒಳಗಿಳಿದಿತ್ತು, ರವಿಕೆ ತೋಳಲ್ಲಿ ಜೋಲುತ್ತಿತ್ತು.

“ಯಾಕೆ ಇಷ್ಟು ಸೊರಗಿದ್ದೀರಿ?”

“ನೀವೇ ಅಲ್ವಾ ಮೇಡಮ್ಮ ಹೇಳಿದ್ದು? ನಾನು ಹುಣ್ಣಿನ ಮಾತ್ರೆಗೆ ಬಂದಾಗ. ‘ನಿಮ್ಮದರಲ್ಲಿ ಸಕ್ಕರೆ ತುಂಬಾ ಚೆನ್ನಾಗಿ ಕಾಣ್ತದೆ’ ಅಂತ. ಅವತ್ತಿಂದ ಬೆಲ್ಲದ ಕಾಫಿ ಬಿಟ್ಟೆ, ಅನ್ನ ಬಿಟ್ಟೆ. ಸಕ್ಕರೆ ಕಾಯಿಲೆಯೋರು ಏಣಿ ಮೇಲೆ ತಲೆಸುತ್ತಿ ಬೀಳ್ತಾರೆ ಅಂತ ಹಾಜರಿ ಬರೆಯೋ ರೈಟರು ಕರಿಮೆಣಸು ಕುಯ್ಯೋಕೂ ಬಿಡಲ್ಲ.”

ಹೇಳಿದ್ದು ಶಾಂಭವಿಯೇ. ನಾಲ್ಕು ಪುಟದ ಇಂಗ್ಲಿಷ್ ಒಪ್ಪಿಗೆಪತ್ರವನ್ನು ‘ನಿಮ್ಮ ಹೊಟ್ಟೆಯ ಸಕ್ಕರೆ ನೋಡ್ತೀವಿ, ಹೆಬ್ಬೆಟ್ಟು ಒತ್ತಿ’ ಎಂಬ ಒಂದೇ ಮಾತಿಗೆ ಇಳಿಸಿದವಳೂ ಅವಳೇ. ಸಾಹುಕಾರರ ಹೊಟ್ಟೆಗೆ ನಳಿಗೆ ಇಳಿಸುವಾಗ ನಾಲ್ಕು ಪುಟವನ್ನೂ ಕುರ್ಚಿ ಹಾಕಿ ಓದಿ ಹೇಳುತ್ತಾರೆ. ಆಳಿನ ಹೊಟ್ಟೆಗೆ ಒಂದು ಸಾಲು, ಒಂದು ಹೆಬ್ಬೆಟ್ಟು ಸಾಕು.

“ಕಾಳಿಯಕ್ಕ, ಆ ಸಕ್ಕರೆ ಬೇರೆ. ಸಕ್ಕರೆ ಕಾಯಿಲೆಯ ಪರೀಕ್ಷೆ ನಾವು ಮಾಡೇ ಇಲ್ಲ.”

ಆಗಲೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ನೋಡಿಸಿದಳು. ಕಾಯಿಲೆ ಇರಲಿಲ್ಲ. ಕಾಳಿ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

“ಮತ್ತೆ ನನ್ನ ಚೂರು ಯಾಕೆ ತೆಗೆದ್ರಿ?”

“ನಮ್ಮ ಓದಿಗೆ. ಮುಂದೆ ಹುಣ್ಣಿಗೆ ಔಷಧಿ ಸಿಗಬಹುದು ಅಂತ.”

“ನನಗೆ ಹೇಳಿದ್ರಾ?”

“ಇಲ್ಲ.”

“ತಂದುಕೊಡಿ.”

ಶಾಂಭವಿಯ ಸಂಶೋಧನೆಯ ಗೈಡ್ ಅನಿಲ್‌ಕುಮಾರ್ ಇದನ್ನು ಕೇಳಿ ಕನ್ನಡಕ ತೆಗೆದಿಟ್ಟರು. “ತಲೆ ಕೆಟ್ಟಿದೆಯೇನ್ರೀ? ನಮ್ಮ ಬೆಸ್ಟ್ ಸ್ಲೈಡು ಅದು. ಹೆಬ್ಬೆಟ್ಟು ಇದೆಯಲ್ಲ?”

“ಹೆಬ್ಬೆಟ್ಟು ಇದೆ ಸರ್. ಒಪ್ಪಿಗೆ ಇಲ್ಲ.”

“ಒಬ್ಬಳಿಗೆ ಕೊಟ್ಟರೆ ಮೂವತ್ತು ಜನ ಬರ್ತಾರೆ. ಥೀಸಿಸ್ ಮುಗೀತು ಅಂದ್ಕೊಳ್ಳಿ. ಆಮೇಲೆ ನನ್ನ ಹತ್ರ ಬರಬೇಡಿ.”

ಶಾಂಭವಿ ಸಂಶೋಧನೆಯ ನೀತಿ ಸಮಿತಿಗೆ ತನ್ನ ತಪ್ಪನ್ನು ತನ್ನ ಹೆಸರಿನಲ್ಲೇ ಬರೆದಳು. ಪಟ್ಟಿಯಲ್ಲಿ ಹದಿನೇಳನ್ನು ಹೊಡೆದುಹಾಕಿದಳು. ಸ್ಲೈಡನ್ನು ಹತ್ತಿಯಲ್ಲಿ ಸುತ್ತಿ ಬಸ್ಸು ಹತ್ತಿದಳು.

ಕಾಳಿ ಗಾಜನ್ನು ಬಿಸಿಲಿಗೆ ಹಿಡಿದಳು. “ಇಷ್ಟೇನಾ?”

“ಇಷ್ಟೇ.”

“ಈ ಕೆಂಪಗಿರೋದಾ ಸಕ್ಕರೆ? ಎಲ್ಲರ ಹೊಟ್ಟೇಲೂ ಇರ್ತದಾ?”

“ಎಲ್ಲರದ್ದರಲ್ಲೂ ಇರುತ್ತೆ. ನನ್ನದರಲ್ಲೂ.”

“ಹಾಗಾದ್ರೆ ನಿಮ್ಮದೇ ನೋಡ್ಕೋಬಹುದಿತ್ತಲ್ಲ ಮೇಡಮ್ಮ.”

ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಕಾಳಿ ನಿಜಕ್ಕೂ ಕೇಳುತ್ತಿದ್ದಳು. ಆಮೇಲೆ ಗಾಜನ್ನು ಹಿಡಿದುಕೊಂಡೇ ಒಳಗೆ ಹೋಗಿ ಕದ ಹಾಕಿಕೊಂಡಳು.

ಆ ಸಾಲಿನಲ್ಲಿ ಹಾಗೇ ಹೆಬ್ಬೆಟ್ಟು ಒತ್ತಿದವರ ಮನೆಗಳು ಇನ್ನೂ ಹನ್ನೊಂದಿದ್ದವು. ಹೊರಗೆ ಕೂತಿದ್ದ ಹೆಂಗಸರು ಶಾಂಭವಿಯನ್ನು ಕಂಡು ಎದ್ದುಹೋದರು. ಅವಳು ಪಕ್ಕದ ಮನೆಯ ಕದ ತಟ್ಟಿದಳು.

“ನಾನು ಲ್ಯಾಬಿನವಳು. ಅವತ್ತು ನಿಮಗೆ ಸರಿಯಾಗಿ ಹೇಳಿರಲಿಲ್ಲ.”

ಒಳಗೆ ಪಾತ್ರೆಯ ಸದ್ದು ನಿಂತಿತು. ಕದ ತೆರೆಯಲಿಲ್ಲ. ಅವಳು ಅದೇ ಮಾತನ್ನು, ಇನ್ನಷ್ಟು ಬಿಡಿಸಿ, ಮೊದಲಿಂದ ಹೇಳತೊಡಗಿದಳು.