ಪಂಚಾಕ್ಷರಯ್ಯನವರು ಮುಂಚೆಯೇ ಹೇಳಿಟ್ಟ ಮಾತು

ಹರದನಹಳ್ಳಿಯ ಪಂಚಾಕ್ಷರಯ್ಯನವರು ಎಲ್ಲವನ್ನೂ ಮುಂಚಿತವಾಗಿ ಮಾಡಿಡುವ ಮನುಷ್ಯ. ತಮ್ಮ ಸಮಾಧಿಗೆ ಹೊಲದ ಹೊಂಗೆ ಮರದಡಿ ಜಾಗ ಗುರುತಿಸಿ ಕಲ್ಲು ನೆಡಿಸಿದ್ದರು. ಸಮಾಧಿಯಲ್ಲಿ ತಮ್ಮನ್ನು ಯಾವ ದಿಕ್ಕಿಗೆ ಮುಖ ಮಾಡಿ ಕೂರಿಸಬೇಕು, ಆಮೇಲಿನ ಶಿವಗಣಾರಾಧನೆಯ ಪಾಯಸಕ್ಕೆ ಯಾವ ಅಂಗಡಿಯ ಬೆಲ್ಲ, ಎಲ್ಲವನ್ನೂ ಹೆಂಡತಿ ಗಂಗಾಂಬಿಕೆಗೆ ಬಾಯಿಪಾಠ ಮಾಡಿಸಿದ್ದರು.

ಹಾಸನದಲ್ಲಿ ಅವರ ಹೃದಯದ ಆಪರೇಷನ್ನಿಗೆ ದಿನ ಗೊತ್ತಾದಾಗ ಗಂಗಾಂಬಿಕೆಗೆ ಬೇರೆಯದೇ ಚಿಂತೆ ಹತ್ತಿತು. ಹೋದ ವರ್ಷ ಗಂಗಾಂಬಿಕೆಯ ಅಣ್ಣ ಪ್ರಜ್ಞೆಯಿಲ್ಲದೆ ಉಸಿರಾಟದ ಯಂತ್ರದಲ್ಲಿದ್ದಾಗ, "ಮುಂದೇನು ಮಾಡೋಣ?" ಎಂದು ಡಾಕ್ಟರು ಇವರನ್ನು ಕೇಳಿದ್ದರು. ಅಣ್ಣನ ಮನಸ್ಸಿನಲ್ಲಿ ಏನಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಭಾನುವಾರ ಮೈದುನ ಸಿದ್ದೇಶ್ವರನ ಮಗಳು ತೇಜಶ್ರೀ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು.

"ದೊಡ್ಡಪ್ಪ, ಮಾತಾಡಕ್ಕಾಗದಂಗಾದ್ರೆ ಎಂಥ ಚಿಕಿತ್ಸೆ ಬೇಕು, ಎಂಥದು ಬ್ಯಾಡ ಅಂತ ಈಗ್ಲೇ ಬರೆದಿಡಬೋದು. ವೈದ್ಯಕೀಯ ಮುಂಗಡ ನಿರ್ದೇಶನ ಅಂತಾರೆ."

"ಥೂ! ಆಪರೇಷನ್ ಮುಂದಿಟ್ಕಂಡು ಅಪಶಕುನ ಆಡ್ತೀಯಲ್ಲ ಕಣವ್ವ!"

ಅಡುಗೆಮನೆಯಿಂದ ಗಂಗಾಂಬಿಕೆಯ ದನಿ ಬಂತು. "ಗುಂಡಿ ಜಾಗಕ್ಕೆ ವಾರವಾರ ಓಗಿ ನೋಡ್ಕಂಡು ಬತ್ತೀರಲ್ಲ, ಅದು ಯಾವ ಶಕುನ?"

"ಅದು ಸತ್ತ ಮ್ಯಾಲಿಂದು ಕಣೆ!"

"ಸತ್ತ ಮ್ಯಾಲಿಂದು ಪಾಯಸದ ತನಕ ಗೊತ್ತು. ಅದಕ್ಕೆ ಮುಂಚಿಂದು ಯಾರ್ನ ಕೇಳ್ಲಿ? ಶಿವನಿಗೆ ಫೋನ್ ಮಾಡ್ಲಾ?"

ಪಂಚಾಕ್ಷರಯ್ಯ ಮೀಸೆ ಸವರಿಕೊಂಡರು. "ಬರ್ಕೊಟ್ರೆ ಡಾಕ್ಟ್ರು ನೋಡೋದೇ ಬಿಟ್ಬುಟ್ರೆ?"

"ಅಂಗೇನಿಲ್ಲ ದೊಡ್ಡಪ್ಪ. ನಿಮಗೆ ತಿಳಿವಳಿಕೆ ಇರೋ ತನಕ ನಿಮ್ ಮಾತೇ ನಡೆಯೋದು. ತಿಳಿವಳಿಕೆ ತಪ್ಪಿ, ವಾಸಿ ಆಗೋ ಆಸೆನೂ ಇಲ್ಲ ಅಂತ ಆಸ್ಪತ್ರೆಯ ಎರಡು ಡಾಕ್ಟ್ರ ಮಂಡಳಿನೂ ಒಪ್ಪಿದ್ರೆ ಮಾತ್ರ ಈ ಕಾಗದ. ನೋವಿಗೆ ಔಷಧಿ, ಆರೈಕೆ ಆಗ್ಲೂ ನಿಲ್ಲಲ್ಲ. ಮನಸ್ಸು ಬದ್ಲಾದ್ರೆ ಬದ್ಲಾಯ್ಸಿ. ಇಬ್ರು ಸಾಕ್ಷಿ ಬೇಕು, ನೋಟರಿ ಮುಂದೆ ಸಹಿ ಆಗ್ಬೇಕು. ನಿಮ್ ಪರವಾಗಿ ಮಾತಾಡಕ್ಕೆ ನಂಬಿಕಸ್ತರ ಎರಡು ಹೆಸರು ಏಳಿ."

ಗಂಗಾಂಬಿಕೆ ಬಂದು ಎದುರು ಕೂತರು. ದನಿ ಇಳಿದಿತ್ತು. "ಅಣ್ಣಂಗೆ ಯಂತ್ರ ತೆಗೀರಿ ಅಂದವ್ಳು ನಾನು. ಸರಿ ಮಾಡಿದ್ನೋ ತಪ್ಪೋ, ಇವತ್ತಿಗೂ ಪೂಜೆಗೆ ಕೂತ್ರೆ ಅದೇ ಕಣ್ಮುಂದೆ. ನಿಮ್ದೂ ನನ್ ತಲೆ ಮ್ಯಾಲೆ ಆಕ್ಬ್ಯಾಡಿ ಕಣ್ರೀ."

ಪಂಚಾಕ್ಷರಯ್ಯ ಕೊರಳ ಲಿಂಗ ಮುಟ್ಟಿಕೊಂಡು ತೇಜಶ್ರೀ ಕಡೆ ತಿರುಗಿದರು.

"ಬರ್ಕಳವ್ವ. ಗುಣ ಆಗಲ್ಲ ಅಂದ್ಮ್ಯಾಲೆ ಯಂತ್ರ ಬ್ಯಾಡ. ಒಂದ್ ಹೆಸ್ರು ನಿಮ್ ದೊಡ್ಡಮ್ಮಂದು. ಇನ್ನೊಂದು ನಿಮ್ಮಪ್ಪಂದು."

"ನಮ್ಮಪ್ಪಂದಾ? ಹೊಲದ ಬದು ಜಗಳಕ್ಕೆ ಇಬ್ರೂ ಮಾತೇ ಬಿಟ್ಟಿದ್ದೀರಲ್ಲ!"

"ಅದಕ್ಕೇ ಕಣವ್ವ. ನಾನು ಬದುಕೋ ಅಂಗಿದ್ರೆ, ಜಗಳಕ್ಕೆ ನಾನು ಬೇಕು ಅವ್ನಿಗೆ, ಸಾಯಾಕೆ ಬಿಡಾಕಿಲ್ಲ. ಗುಣ ಆಗಲ್ಲಾಂದ್ರೆ, ನಮ್ಮವ್ವನ ಮಗ ಅಲ್ವಾ, ನಾನು ನರಳೋದ್ನ ನೋಡಾಕಾಗಾಕಿಲ್ಲ ಅವ್ನಿಗೆ. ಈಗ ಇದನ್ನ ಅವ್ನಿಗೆ ಏಳೋರ್ಯಾರು?"

"ನೀವೇ," ಎಂದರು ಗಂಗಾಂಬಿಕೆ, ಟವೆಲ್ಲು ಅವರ ಹೆಗಲಿಗೆ ಹಾಕುತ್ತಾ. "ಬದು ದಾಟಿ ಓಗಿ."

ಗೊಣಗುತ್ತಲೇ ಅವರು ತಮ್ಮನ ಮನೆ ಕಡೆ ಹೊರಟರು. ಗಂಗಾಂಬಿಕೆ ಅಂದು ನಿರಾಳವಾಗಿ ಪೂಜೆಗೆ ಕೂತರು.

ಅಕ್ಕಂದಿರೇ, ಅಣ್ಣಂದಿರೇ, ಆಯುಸ್ಸು ದೇವರ ಕೈಲಿದೆ. ನಮ್ಮ ಇಷ್ಟವೇನು ಎಂದು ಹೇಳುವುದು ನಮ್ಮ ಕೈಲಿದೆ. ನಾಲಗೆ ಗಟ್ಟಿಯಿರುವಾಗಲೇ ಮನೆಯವರ ಜೊತೆ ಕೂತು ಮಾತಾಡಿ. ಬರೆದಿಟ್ಟು, ನಿಮ್ಮ ಡಾಕ್ಟರಿಗೂ ಒಂದು ಪ್ರತಿ ಕೊಡಿ. ನಿಮ್ಮನ್ನು ಪ್ರೀತಿಸುವವರ ತಲೆಯ ಮೇಲಿನ ಭಾರ ಇಂದೇ ಇಳಿಸಿ.