ನಾಲ್ಕನೇ ಪ್ರೆಸ್ಸಿನ ಪ್ಲೇಟು

ಚನ್ನಗಿರಿಯ ಜಂಪಣ್ಣನ ರಿಪೇರಿ ಅಂಗಡಿಗೆ ಬರುವುದೆಲ್ಲ ಮಿಕ್ಸಿ, ಫ್ಯಾನು. ಬೆಳಗಿನಿಂದ ಬಗ್ಗಿ ಬಗ್ಗಿ ಎಪ್ಪತ್ತರ ಸೊಂಟ ಸೋತಿತ್ತು. ಅಂಥ ಹೊತ್ತಿಗೆ ನಲ್ಲೂರಿನ ಕಸ್ತೂರಮ್ಮ ಟವೆಲ್ಲಿನಲ್ಲಿ ಸುತ್ತಿದ ಗ್ರಾಮಫೋನಿನ ಹಾಡಿನ ಪ್ಲೇಟೊಂದನ್ನು ತಂದು ಮೇಜಿನ ಮೇಲಿಟ್ಟಳು.

‘ನಮ್ಮವ್ವ ಹಾಡಿದ ಸೋಬಾನೆ ಪದ ಅಣ್ಣಾರೆ. ಮೊದಲ್ನೇ ಪದಕ್ಕೇ ಮುಳ್ಳು ಎಗರ್ತತೆ, ಒಂದಿನಾನೂ ಕೇಳಿಲ್ಲ. ನೆಟ್ಟಗೆ ಮಾಡಾಕೆ ಆಗ್ತತಾ?’

‘ಬಿಸಿಲಿಗೆ ಇಟ್ಟಿದ್ರಾ?’

‘ನೀನೇ ಒಲೆ ಹತ್ರ ಇಟ್ಟೆ ಅಂತ ಅವ್ವ ಸಾಯೋ ತನಕ ಅಂದ್ಲು. ನಂಗೆ ಇಟ್ಟಿದ್ದು ನೆನಪಿಲ್ಲ. ಅವಳೇ ಅಂದ್ಮೇಲೆ ಇಟ್ಟಿರ್ಬೇಕು.’

ಜಂಪಣ್ಣ ಪ್ಲೇಟನ್ನು ಕಣ್ಣ ಮಟ್ಟಕ್ಕೆ ಹಿಡಿದು ತಿರುಗಿಸಿದ. ಒಲೆಯ ಕಾವು ತಗುಲಿದ್ದರೆ ಒಂದು ಕಡೆ ಜೋಲಬೇಕು. ಇದು ಸುತ್ತಲೂ ಅಲೆ ಅಲೆಯಾಗಿ ಎದ್ದಿತ್ತು. ಪ್ಲೇಟಿದ್ದ ಕಾಗದದ ಚೀಲದ ಮೂಲೆ ನೋಡಿದ. ಮಾಸಿದ ನೀಲಿ ಸೀಲು: ಪ್ರೆಸ್ 4. ಪಕ್ಕದಲ್ಲಿ 1983. ಬೆಂಗಳೂರಿನ ಪ್ಲೇಟು ಒತ್ತುವ ಕಾರ್ಖಾನೆಯಲ್ಲಿ ಆ ವರ್ಷವೆಲ್ಲ ನಾಲ್ಕನೇ ಪ್ರೆಸ್ಸಿನ ಮುಂದೆ ನಿಂತವನು ಅವನೇ.

ಸುಮ್ಮನಿದ್ದರೂ ನಡೆಯುತ್ತಿತ್ತು. ಆದರೆ ಸುಳ್ಳು ಕಟ್ಟುವುದಕ್ಕೂ ಕಸುವು ಬೇಕಲ್ಲ.

‘ಕುತ್ಕೊಳ್ರಿ ತಾಯಿ. ಇದು ಒಲೆ ಮಾಡಿದ್ದಲ್ಲ, ನಾನು ಮಾಡಿದ್ದು.’

ಅವಳು ನಕ್ಕಳು. ಅವನು ನಗಲಿಲ್ಲ.

‘ಕರಿ ಪ್ಲಾಸ್ಟಿಕ್ಕು, ರಾಗಿಮುದ್ದೆ ಹಂಗೆ ಮೆತ್ತಗಿರ್ತತೆ. ಎರಡು ಅಚ್ಚಿನ ನಡುವೆ ಇಟ್ಟು ಉಗಿ ಬಿಟ್ಟು ಒತ್ತಬೇಕು. ಹಾಡಿನ ಗೆರೆ ಮೂಡ್ತತೆ. ಆಮೇಲೆ ಅಚ್ಚಿಗೆ ತಣ್ಣೀರು ಬಿಟ್ಟು ಕಾಯ್ಬೇಕು. ಆ ವರ್ಷ ಒಂದು ವಾರ ಎರಡೆರಡು ಪಾಳಿ ಬಿತ್ತು. ನಿಂತಲ್ಲೇ ತೂಕಡಿಸ್ತಿದ್ದೆ. ದಿನದ ಪ್ಲೇಟಿನ ಲೆಕ್ಕ ತುಂಬಿದ್ರೆ ಮನೆಗೆ ಹೋಗ್ಬಹುದು ಅಂತ ನೀರಿನ ಹೊತ್ತು ಕಡಿಮೆ ಮಾಡಿ, ಬಿಸಿ ಇರುವಾಗಲೇ ತೆಗೆದು ಒಂದರ ಮೇಲೊಂದು ಪೇರಿಸ್ದೆ. ಆಗ ನೆಟ್ಟಗೇ ಕಾಣ್ತಿತ್ತು. ಆಮೇಲೆ ಹಿಂಗೆ ಎದ್ದೇಳ್ತತೆ.’

ಕಸ್ತೂರಮ್ಮ ಪ್ಲೇಟಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತಳು.

‘ಅವ್ವ ಇದ್ದಾಗ ಸಿಗಬಾರದಾಗಿತ್ತೇನ್ರಿ ನೀವು’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

‘ಎರಡು ಗಾಜಿನ ನಡುವೆ ಇಟ್ಟು ಎಳೆಬಿಸಿಲಿಗೆ ಕಾಯಿಸಿ ನೋಡ್ತೀನಿ. ಆಗ್ತತೆ ಅಂತ ಮಾತ್ರ ಹೇಳಲ್ಲ. ಗೆರೆ ಅಳಿಸಿದ್ರೂ ಅಳಿಸ್ತು.’

‘ಇಟ್ಕೊಳ್ರಿ.’ ಅವಳು ಖಾಲಿ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡಳು. ‘ನಲವತ್ತು ವರ್ಷ ನಾನು ಕಾದೀನಿ. ಇನ್ನು ನೀವು ಕಾಯ್ರಿ. ಅವಸರ ಮಾಡಬ್ಯಾಡ್ರಿ ಮತ್ತೆ.’

ಅವಳು ಹೋದ ಮೇಲೆ ಜಂಪಣ್ಣ ಮಿಕ್ಸಿಗಳನ್ನು ಪಕ್ಕಕ್ಕೆ ಸರಿಸಿ, ಸೊಂಟ ಹಿಡಿದುಕೊಂಡೇ ಗಾಜು ಒರೆಸತೊಡಗಿದ.